ಇಂಟು ಮಾರ್ಕ್ ಯಾರ ಕೈಲಿರಬೇಕು?

"ಮೈನಸ್ ಗೀಟು ಎಲ್ಲಿಗೆ ಹೋಯ್ತು ಮಾರಾಯ? ಇಲ್ಲಿ ಇಂಟು ಮಾರ್ಕ್ ಒಂದೇ ಇದೆಯಲ್ಲ?"

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಶನಿವಾರ ಸಂಜೆ, ಕೊಯ್ಲಿನ ಸಮಯ. ಬಟವಾಡೆಗೆ ಕೆಲಸದವರು ಆಫೀಸಿನ ಜಗಲಿಯಲ್ಲಿ ಕಾಯುತ್ತಿದ್ದರು. ಹಾಜರಿ ಬರೆದ ಚೆಕ್‌ರೋಲ್ ಹಾಳೆಯನ್ನು ಕೆಳಗಿಳಿಸಿ ಹಣ್ಣಿನ ತೂಕ ಬರೆದ ಹಾಳೆಯನ್ನು ನೋಡಬೇಕು. ಇಳಿಸುವ ಬಟನ್ನೇ ಇಲ್ಲ. ಇರುವುದು ಮುಚ್ಚುವ ಬಟನ್ ಮಾತ್ರ.

ತಪ್ಪು ನನ್ನದೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಸುತ್ತಮುತ್ತಲ ತೋಟದ ಆಫೀಸುಗಳಲ್ಲಿ, ಹೋಂಸ್ಟೇಗಳಲ್ಲಿ ಅದಕ್ಕಿಂತ ಹಳೆಯ ಗಟ್ಟಿಮುಟ್ಟಾದ ಕಂಪ್ಯೂಟರ್‌ಗಳು ಬೇಕಾದಷ್ಟಿವೆ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ನಾನು ಗೊತ್ತಿದ್ದವರಿಗೆಲ್ಲ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಡುತ್ತಿದ್ದೇನೆ. ರೈಟರ್‌ಗೆ ಹಾಕಿದ್ದು ಗ್ನೋಮ್ ಎಂಬ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಾಣುವ ಕೆಲಸದ ಜಾಗ ಪೂರ್ತಿ. ನೋಡಲು ಚೆಂದ ಇದೆ ಅಂತ. ಅದರಲ್ಲಿ ಮೈನಸ್ ಬಟನ್ ಇರುವುದಿಲ್ಲ ಅನ್ನುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಹೇಳುವುದನ್ನೇ ಮರೆತಿದ್ದೆ.

ಆ ಫೋನ್ ಕರೆಯ ಹಿಂದೆ ಲಿನಕ್ಸ್ ಲೋಕದ ಒಂದು ಹಳೆಯ ಜಗಳ ಇದೆ. ವಿಂಡೋದ ನೆತ್ತಿಯ ಮೇಲಿನ ಪಟ್ಟಿ ಯಾರದ್ದು? ಹೆಸರು, ಮೈನಸ್, ಚೌಕ, ಇಂಟು ಮಾರ್ಕ್, ಸುತ್ತಲ ಅಂಚು ಎಲ್ಲ ಸೇರಿ ಅದಕ್ಕೆ ವಿಂಡೋ ಡೆಕೊರೇಶನ್ ಎನ್ನುತ್ತಾರೆ. ಹೆಸರಷ್ಟೇ ಅಲಂಕಾರದ್ದು. ಅದಿಲ್ಲದಿದ್ದರೆ ಮೌಸ್ ಒಂದರಿಂದಲೇ ವಿಂಡೋವನ್ನು ಎಳೆಯುವುದೂ ಕಷ್ಟ, ಮುಚ್ಚುವುದೂ ಕಷ್ಟ.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಪರದೆ ನೋಡಿಕೊಳ್ಳುವ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಎಂಐಟಿಯಲ್ಲಿ ಶುರುವಾಯಿತು. ಅದರ 11ನೇ ಆವೃತ್ತಿ 1987ರದ್ದು, ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಆಪ್ ತನ್ನ ಒಳಗಿನ ಚಿತ್ರ ಮಾತ್ರ ಬರೆಯುತ್ತದೆ. ಚೌಕಟ್ಟು ಕಟ್ಟುವುದು ವಿಂಡೋ ಮ್ಯಾನೇಜರ್ ಎಂಬ ಬೇರೆಯೇ ಪ್ರೋಗ್ರಾಂ. ಅದು ಪ್ರತಿ ವಿಂಡೋವನ್ನೂ ಹಿಡಿದು ತನ್ನ ಚೌಕಟ್ಟಿನೊಳಗೆ ಕೂರಿಸುತ್ತದೆ. ಆಪ್ ಯಾರು ಬರೆದಿದ್ದರೂ ಇಂಟು ಮಾರ್ಕ್ ಇರುವುದು ಒಂದೇ ಕಡೆ, ಬಣ್ಣ ಒಂದೇ.

ತೋಟದ ಲೈನ್ ಮನೆಗಳ ಹಾಗೆ ಅಂದುಕೊಳ್ಳಿ. ಒಳಗೆ ಸಂಸಾರ ಅವರವರದ್ದು, ಬಾಗಿಲು ಮಾತ್ರ ತೋಟದವರು ಮಾಡಿಸಿದ್ದು. ಎಲ್ಲ ಬಾಗಿಲಿಗೂ ಒಂದೇ ಬಣ್ಣ, ಚಿಲಕ ಒಂದೇ ಎತ್ತರದಲ್ಲಿ. ಕತ್ತಲಲ್ಲೂ ಕೈ ಅಲ್ಲಿಗೇ ಹೋಗುತ್ತದೆ. ಇದು ಹಳೆಯ ಪದ್ಧತಿ. ಹೊಸ ಪದ್ಧತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಬಾಗಿಲನ್ನು ತಾವೇ ಮಾಡಿಸಿಕೊಳ್ಳುತ್ತಾರೆ. ಚೆಂದದ ಬಾಗಿಲುಗಳು ಬರುತ್ತವೆ, ನಿಜ. ಆದರೆ ಚಿಲಕ ಎಲ್ಲಿದೆ ಅಂತ ಪ್ರತಿ ಮನೆಯಲ್ಲೂ ತಡಕಾಡಬೇಕು. ಹಳೆಯದಕ್ಕೆ ಸರ್ವರ್ ಸೈಡ್ ಡೆಕೊರೇಶನ್, ಹೊಸದಕ್ಕೆ ಕ್ಲೈಂಟ್ ಸೈಡ್ ಡೆಕೊರೇಶನ್ ಎಂದು ಹೆಸರು. ಚುಟುಕಾಗಿ ಎಸ್‌ಎಸ್‌ಡಿ, ಸಿಎಸ್‌ಡಿ.

ಜಗಳ ಶುರುವಾದದ್ದು ಮಾತ್ರ ಇನ್ನೂ ಸಣ್ಣ ವಿಷಯಕ್ಕೆ. ಉಬುಂಟು ಎಂಬ ಲಿನಕ್ಸ್‌ನ 2010ರ ಏಪ್ರಿಲ್‌ನಲ್ಲಿ ಬಂದ 10.04ನೇ ಆವೃತ್ತಿ ಮೂರೂ ಬಟನ್‌ಗಳನ್ನು ಬಲದಿಂದ ಎಡಕ್ಕೆ ಸರಿಸಿತು. ಜನ ರೇಗಾಡಿದರು. ಉಬುಂಟು ಬಗ್ಗಲಿಲ್ಲ. ಮುಂದಿನ ವರ್ಷ ಯೂನಿಟಿ ಎಂಬ ತನ್ನದೇ ಡೆಸ್ಕ್‌ಟಾಪ್ ತಂದಿತು. ಅದರಲ್ಲಿ ವಿಂಡೋ ಪೂರ್ತಿ ದೊಡ್ಡದಾದಾಗ ಬಟನ್‌ಗಳು ಪರದೆಯ ಮೇಲಿನ ಪಟ್ಟಿಯಲ್ಲಿ ಸೇರಿಕೊಳ್ಳುತ್ತಿದ್ದವು. ಎಡಕ್ಕೆ ಸರಿಸಿದ್ದಕ್ಕೆ ಅಲ್ಲಿ ಒಂದು ಅರ್ಥ ಇತ್ತು ಅನ್ನಿ. 2017ರ ಅಕ್ಟೋಬರ್‌ನ 17.10ರಲ್ಲಿ ಉಬುಂಟು ಗ್ನೋಮ್‌ಗೆ ಮರಳಿತು, ಬಟನ್‌ಗಳೂ ಬಲಕ್ಕೆ ಮರಳಿದವು. ಏಳು ವರ್ಷ ಎಡಕ್ಕೆ ರೂಢಿಯಾದವರು ಆಗ ಮತ್ತೊಮ್ಮೆ ಗೊಣಗಿದರು.

ಅಷ್ಟರಲ್ಲಿ 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಿತ್ತು. ಅದು ಮೈನಸ್ ಬಟನ್ನನ್ನೂ ಚೌಕದ ಬಟನ್ನನ್ನೂ ತೆಗೆದೇ ಹಾಕಿತು. ಕಾರಣ ಸರಳ. ಅದರಲ್ಲಿ ಕೆಳಗಿನ ಟಾಸ್ಕ್‌ಬಾರ್ ಇಲ್ಲ. ವಿಂಡೋವನ್ನು ಇಳಿಸಿದರೆ ಅದು ಹೋಗಿ ಕೂರುವುದಾದರೂ ಎಲ್ಲಿ? ಇಳಿಸುವ ಬದಲು ಬೇರೆ ವರ್ಕ್‌ಸ್ಪೇಸ್‌ಗೆ, ಅಂದರೆ ಇನ್ನೊಂದು ಪರದೆಯಂಥ ಜಾಗಕ್ಕೆ, ಕಳಿಸಿ ಅನ್ನುವುದು ಅವರ ಲೆಕ್ಕ. ತರ್ಕ ಸರಿಯಾಗಿಯೇ ಇದೆ. ಬಟವಾಡೆ ದಿನ ಆ ತರ್ಕವನ್ನು ರೈಟರ್‌ಗೆ ವಿವರಿಸುವ ಧೈರ್ಯ ನನಗಿರಲಿಲ್ಲ.

ದೊಡ್ಡ ತಿರುವು ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಗ್ನೋಮ್ ಆಪ್‌ಗಳನ್ನು ಕಟ್ಟುವ ಸಾಮಾನಿನ ಪೆಟ್ಟಿಗೆ ಜಿಟಿಕೆ. ಅದರ 3.10ನೇ ಆವೃತ್ತಿ ಹೆಡರ್ ಬಾರ್ ಎಂಬ ಹೊಸ ವಸ್ತುವನ್ನು ತಂದಿತು. ಟೈಟಲ್ ಬಾರ್, ಟೂಲ್‌ಬಾರ್ ಎರಡನ್ನೂ ಕಲಸಿ ಒಂದೇ ದಪ್ಪ ಪಟ್ಟಿ. ಇಂಟು ಮಾರ್ಕ್ ಪಕ್ಕದಲ್ಲೇ ಹುಡುಕುವ ಬಟನ್, ಮೆನು ಬಟನ್, ಹಿಂದೆ ಮುಂದೆ ಹೋಗುವ ಬಾಣ. ಇದನ್ನೆಲ್ಲ ಬರೆಯುವುದು ಆಪ್. ವಿಂಡೋ ಮ್ಯಾನೇಜರ್‌ಗೆ ಚೌಕಟ್ಟಿನ ಕೆಲಸವೇ ಇಲ್ಲ.

ಇದರಲ್ಲಿ ನಿಜವಾದ ಲಾಭ ಇದೆ. ಹಳೆಯ ಲ್ಯಾಪ್‌ಟಾಪ್‌ಗಳ ಪರದೆ ಜಾಸ್ತಿ ಪಾಲು 1366 ಅಡ್ಡ, 768 ಉದ್ದ. ಅಗಲಕ್ಕೆ ಬರ ಇಲ್ಲ, ಎತ್ತರಕ್ಕೆ ಬರ. ಟೈಟಲ್ ಬಾರ್, ಮೆನು, ಟೂಲ್‌ಬಾರ್ ಒಂದರ ಕೆಳಗೊಂದು ಕೂತರೆ ಸುಮಾರು 90 ಪಿಕ್ಸೆಲ್ ಹೋಯಿತು. ಹೆಡರ್ ಬಾರ್ ಸುಮಾರು 46ರಲ್ಲಿ ಮುಗಿಸುತ್ತದೆ. ಬ್ರೌಸರ್‌ಗಳು ಮಾಡಿದ್ದೂ ಇದನ್ನೇ ಅಲ್ವಾ? ಕ್ರೋಮ್ 2008ರಲ್ಲಿ ಬಂದಾಗಲೇ ಟ್ಯಾಬ್‌ಗಳನ್ನು ನೆತ್ತಿಯ ಪಟ್ಟಿಗೇ ಏರಿಸಿತ್ತು. ಲಿನಕ್ಸ್‌ನ ಫೈರ್‌ಫಾಕ್ಸ್‌ಗೆ ಆ ಸೌಲಭ್ಯ 2018ರಲ್ಲಿ ಬಂತು. ಆಗ ಯಾರೂ ಬೀದಿಗಿಳಿಯಲಿಲ್ಲ. ಸಿಎಸ್‌ಡಿ ಅಂದರೆ ಉರಿದುಬೀಳುವ ಎಷ್ಟೋ ಜನ ಆ ಸಿಟ್ಟನ್ನು ಬರೆಯುವುದೇ ಸಿಎಸ್‌ಡಿ ಇರುವ ಬ್ರೌಸರ್‌ನಲ್ಲಿ.

ಹಾಗಾದರೆ ತಕರಾರು ಯಾವುದಕ್ಕೆ? ಇದಕ್ಕೆ ಉತ್ತರ ಬೇಕಾದರೆ ಎಕ್ಸ್‌ಎಫ್‌ಸಿಇ ಕಡೆ ನೋಡಬೇಕು. 1996ರಿಂದ ನಡೆದುಬಂದ, ಹಗುರವಾದ, ಹಳೆಯ ಕಂಪ್ಯೂಟರ್‌ಗಳಿಗೆ ಹೇಳಿ ಮಾಡಿಸಿದ ಡೆಸ್ಕ್‌ಟಾಪ್ ಅದು. ಅದರ ಬಳಗ ಬದಲಾವಣೆಗೆ ಆತುರಪಡುವವರದ್ದಲ್ಲ. ವಿಂಡೋ ಮ್ಯಾನೇಜರ್‌ಗೆ ಜನ ವರ್ಷಗಟ್ಟಲೆ ಮಾಡಿಟ್ಟ ಥೀಮ್‌ಗಳ ದೊಡ್ಡ ಗಂಟೇ ಇದೆ. ಅಂಥ ಡೆಸ್ಕ್‌ಟಾಪ್ 2020ರ ಡಿಸೆಂಬರ್‌ನಲ್ಲಿ 4.16ನೇ ಆವೃತ್ತಿ ಬಿಟ್ಟಾಗ ಅದರ ಸೆಟ್ಟಿಂಗ್ಸ್ ವಿಂಡೋಗಳೆಲ್ಲ ಹೆಡರ್ ಬಾರ್ ತೊಟ್ಟುಕೊಂಡು ಬಂದವು.

ಅದನ್ನು ಮಾಡಿದವರ ಕಡೆಯ ಮಾತನ್ನೂ ಕೇಳಬೇಕು. ಎಕ್ಸ್‌ಎಫ್‌ಸಿಇಯ ಹಳೆಯ ಸೆಟ್ಟಿಂಗ್ಸ್ ವಿಂಡೋಗಳಲ್ಲಿ ಹೆಸರು ಎರಡು ಸಲ ಇರುತ್ತಿತ್ತು. ಟೈಟಲ್ ಬಾರ್‌ನಲ್ಲಿ ಒಮ್ಮೆ, ಅದರ ಕೆಳಗೆ ಐಕಾನ್ ಸಮೇತ ದೊಡ್ಡದಾಗಿ ಇನ್ನೊಮ್ಮೆ. ಎರಡನ್ನೂ ಸೇರಿಸಿದರೆ ಜಾಗ ಉಳಿಯುತ್ತದೆ. ಎಕ್ಸ್‌ಎಫ್‌ಸಿಇ ಕೂಡ ಜಿಟಿಕೆ ಮೇಲೆಯೇ ನಿಂತಿದೆ. ಜಿಟಿಕೆ ಹೋಗುವ ದಿಕ್ಕಿಗೆ ಎದುರಾಗಿ ಸಣ್ಣ ತಂಡವೊಂದು ಎಷ್ಟು ದಿನ ಈಜಬೇಕು?

ಬಳಸುವವರ ಕಡೆಯ ದೂರು ಬರೀ ನೋಟದ್ದಲ್ಲ, ಅಭ್ಯಾಸದ್ದು. ಎಕ್ಸ್‌ಎಫ್‌ಸಿಇಯ ಟೈಟಲ್ ಬಾರ್ ಮೇಲೆ ಮೌಸ್‌ನ ಚಕ್ರವನ್ನು ಮೇಲಕ್ಕೆ ತಿರುಗಿಸಿ ನೋಡಿ. ವಿಂಡೋ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರೀ ಪಟ್ಟಿ ಉಳಿಯುತ್ತದೆ. ಕೆಳಕ್ಕೆ ತಿರುಗಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಇಂಥದ್ದೆಲ್ಲ ವಿಂಡೋ ಮ್ಯಾನೇಜರ್ ಕೊಡುವ ಸೌಲಭ್ಯ. ಹೆಡರ್ ಬಾರ್ ಇರುವ ವಿಂಡೋದಲ್ಲಿ ಆ ಪಟ್ಟಿ ಆಪ್‌ನ ಒಳಮನೆ. ಅಲ್ಲಿ ಚಕ್ರ ತಿರುಗಿಸಿದರೆ ಏನೂ ಆಗುವುದಿಲ್ಲ. ನೀವು ಆರಿಸಿಕೊಂಡ ಥೀಮ್ ಕೂಡ ಅಲ್ಲಿಗೆ ಹತ್ತುವುದಿಲ್ಲ. ಹತ್ತು ವಿಂಡೋ ಒಂದು ಬಣ್ಣ, ಇನ್ನೆರಡು ಬೇರೆ ಬಣ್ಣ.

ಇನ್ನೊಂದು, ಟೂಲ್‌ಬಾರ್ ಇರುವ ಆಪ್‌ನಲ್ಲಿ ಹೆಡರ್ ಬಾರ್ ಜಾಗ ಉಳಿಸುತ್ತದೆ, ಒಪ್ಪೋಣ. ಕಲಸಲು ಏನೂ ಇಲ್ಲದ ಪುಟ್ಟ ವಿಂಡೋದಲ್ಲಿ ಅದು ಸುಮ್ನೆ ದಪ್ಪ. 25 ಪಿಕ್ಸೆಲ್ ಸಾಕಾಗುವ ಕಡೆ 46 ತಿನ್ನುತ್ತದೆ. 4.16 ಬಂದಾಗ ಕೆಲವರು ಎಕ್ಸ್‌ಎಫ್‌ಸಿಇ ವಿಂಡೋಗಳನ್ನು ಕಟ್ಟುವ ಲೈಬ್ರರಿಯಿಂದ, ಅಂದರೆ ಆಪ್‌ಗಳು ಹಂಚಿಕೊಂಡು ಬಳಸುವ ಕೋಡಿನ ಗಂಟಿನಿಂದ, ಹೆಡರ್ ಬಾರ್ ಭಾಗ ಕಿತ್ತುಹಾಕಿ ತಮ್ಮದೇ ಪ್ರತಿ ಮಾಡಿಕೊಂಡರು. ಜಿಟಿಕೆ 3 ಆಪ್‌ಗಳು ನೆತ್ತಿಯ ಪಟ್ಟಿ ಬರೆಯದಂತೆ ತಡೆಯುವ ಒಂದು ಪುಟ್ಟ ಉಪಾಯದ ಲೈಬ್ರರಿ ಮೊದಲೇ ಇತ್ತು. ಅದನ್ನು ಹಾಕಿದರೆ ಮೇಲೆ ಮಾಮೂಲಿ ಟೈಟಲ್ ಬಾರ್, ಕೆಳಗೆ ಅದೇ ದಪ್ಪ ಹೆಡರ್ ಬಾರ್, ಎರಡೂ ಬಂದು ಕೂರುತ್ತವೆ. ಕೊಡೆಯ ಮೇಲೆ ಕೊಡೆ. ನಾನೂ ಒಂದು ವಾರ ಹಾಗೆ ಇಟ್ಟುಕೊಂಡಿದ್ದೆ. ನೋಡಲಾಗಲಿಲ್ಲ, ತೆಗೆದೆ.

ಎಕ್ಸ್‌ಎಫ್‌ಸಿಇ ತಂಡ ಹಟ ಹಿಡಿಯಲಿಲ್ಲ. 2022ರ ಡಿಸೆಂಬರ್‌ನ 4.18ರಲ್ಲಿ ಡೈಲಾಗ್ ವಿಂಡೋಗಳಿಗೆ ಹೆಡರ್ ಬಾರ್ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಸೌಲಭ್ಯ ಕೊಟ್ಟಿತು. ಇಡೀ ಜಗಳದಲ್ಲಿ ನನಗೆ ಮೆಚ್ಚುಗೆಯಾದ ನಡೆ ಇದೊಂದೇ.

ಗ್ನೋಮ್ ಆ ದಾರಿ ಹಿಡಿಯಲಿಲ್ಲ. 2018ರ ಜನವರಿಯಲ್ಲಿ ಅದರ ವಿನ್ಯಾಸಕ ಟೋಬಿಯಾಸ್ ಬರ್ನಾರ್ಡ್, ಉಳಿದ ಆಪ್‌ಗಳೂ ಟೈಟಲ್ ಬಾರ್ ಬಿಟ್ಟು ಹೆಡರ್ ಬಾರ್‌ಗೆ ಬರಬೇಕು ಎಂಬ ಪ್ರಯತ್ನ ಶುರುಮಾಡಿದರು. 2019ರ ಮೇ ತಿಂಗಳಲ್ಲಿ ಹಲವು ಆಪ್ ಬರೆಯುವವರು ಸೇರಿ ಬಹಿರಂಗ ಪತ್ರ ಬರೆದರು. ದಯವಿಟ್ಟು ನಮ್ಮ ಆಪ್‌ಗಳಿಗೆ ನಿಮ್ಮ ಥೀಮ್ ಹಚ್ಚಬೇಡಿ ಅನ್ನುವುದು ಅದರ ಸಾರ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಡಿಸ್ಟ್ರೋದವರು, ಅಂದರೆ ಉಬುಂಟು ಥರ ಲಿನಕ್ಸನ್ನು ಜೋಡಿಸಿ ಹಂಚುವವರು, ಹಾಕಿದ ಥೀಮ್‌ನಿಂದ ಬಟನ್ ಕಾಣದಂತಾದರೆ ಬೈಗುಳ ಹೋಗುವುದು ಆಪ್ ಬರೆದವರಿಗೆ. 2021ರ ಕೊನೆಯ ದಿನ ಗ್ನೋಮ್ ಆಪ್ ಕಟ್ಟುವವರಿಗಾಗಿ ಲಿಬ್‌ಅಡ್ವೈಟ ಎಂಬ ಲೈಬ್ರರಿಯ 1.0 ಬಂತು. ಅದನ್ನು ಬಳಸುವ ಆಪ್‌ಗಳು ಎಲ್ಲಿ ಓಡಿದರೂ ಗ್ನೋಮ್‌ನ ರೂಪದಲ್ಲೇ ಇರುತ್ತವೆ.

ಇದಕ್ಕೆ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಡಿಸ್ಟ್ರೋದವರ ಪ್ರತಿಕ್ರಿಯೆ ನೋಡಿ. 2016ರಲ್ಲೇ ಅವರು ಎಕ್ಸ್-ಆಪ್ಸ್ ಹೆಸರಿನಲ್ಲಿ ಕೆಲವು ಆಪ್‌ಗಳ ಸ್ವಂತ ಕವಲು, ಅಂದರೆ ಮೂಲ ಕೋಡಿನಿಂದ ಬೇರೆಯಾದ ಪ್ರತಿ, ಮಾಡಿಕೊಂಡಿದ್ದರು. ಟೈಟಲ್ ಬಾರ್, ಮೆನು ಎಲ್ಲ ಹಳೆಯ ಥರವೇ. 2024ರ ಮಿಂಟ್ 22ರಲ್ಲಿ ಕ್ಯಾಲ್ಕುಲೇಟರ್, ಸ್ಕ್ಯಾನರ್ ಥರದ ಹಲವು ಆಪ್‌ಗಳನ್ನು ಹಿಂದಿನ ಜಿಟಿಕೆ 3 ಆವೃತ್ತಿಗೆ ಇಳಿಸಿದರು. ಹೊಸ ಆವೃತ್ತಿ ಇದ್ದೂ ಹಳೆಯದನ್ನು ಕೊಡುವುದು ಅಂದರೆ ಸಣ್ಣ ಮಾತಲ್ಲ.

ಈಗ ಜಗಳ ಮತ್ತೆ ಬಿಸಿಯಾಗಲು ಕಾರಣ ವೇಲ್ಯಾಂಡ್. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವ್ಯವಸ್ಥೆ ಇದು. 2008ರಲ್ಲಿ ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ ಶುರುಮಾಡಿದ್ದು, 1.0 ಬಂದದ್ದು 2012ರಲ್ಲಿ. ಅದರ ಮೂಲ ನಿಯಮದಲ್ಲಿ ಚೌಕಟ್ಟಿನ ಮಾತೇ ಇಲ್ಲ. ಆಪ್ ಒಂದು ಚಿತ್ರ ಕೊಡುತ್ತದೆ, ವೇಲ್ಯಾಂಡ್ ಅದನ್ನು ಪರದೆಗೆ ಹಚ್ಚುತ್ತದೆ. ಪಟ್ಟಿ ಬೇಕಾದರೆ ಆ ಚಿತ್ರದೊಳಗೇ ಆಪ್ ಬರೆದುಕೊಳ್ಳಬೇಕು. ಅಂದರೆ ಮೊದಲಿನ ಕ್ರಮ ತಲೆಕೆಳಗಾಯಿತು.

ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನವರಿಗೆ ಇದು ಹಿಡಿಸಲಿಲ್ಲ. ಅವರ ವಿಂಡೋ ಮ್ಯಾನೇಜರ್ ಕೆವಿನ್ ಚೌಕಟ್ಟು ಕಟ್ಟುವುದರಲ್ಲಿ ಪಳಗಿದ್ದು. 2018ರಲ್ಲಿ ಎಕ್ಸ್‌ಡಿಜಿ-ಡೆಕೊರೇಶನ್ ಎಂಬ ಹೆಚ್ಚುವರಿ ನಿಯಮ ಬಂತು. ಅದು ಇಬ್ಬರೂ ಕೂತು ಮಾತಾಡಿಕೊಳ್ಳುವ ವ್ಯವಸ್ಥೆ. ಪಟ್ಟಿ ನೀನು ಬರೀತೀಯಾ, ನಾನು ಬರೀಲಾ ಅಂತ ಆಪ್ ಕೇಳುತ್ತದೆ, ಡೆಸ್ಕ್‌ಟಾಪ್ ಹೇಳುತ್ತದೆ. ಕೆವಿನ್, ಸ್ವೇ ಎಂಬ ಇನ್ನೊಂದು ವಿಂಡೋ ಮ್ಯಾನೇಜರ್ ಎರಡೂ ಇದನ್ನು ಒಪ್ಪಿಕೊಂಡವು. ಗ್ನೋಮ್ ಒಪ್ಪಲಿಲ್ಲ. ಹೀಗಾಗಿ ಸ್ವಂತ ಪಟ್ಟಿ ಬರೆಯಲು ಬಾರದ ಆಪ್ ಗ್ನೋಮ್‌ನ ವೇಲ್ಯಾಂಡ್‌ನಲ್ಲಿ ಬೋಳು ತಲೆಯಲ್ಲಿ ಬಂದು ನಿಲ್ಲುತ್ತದೆ. ಎಂಪಿವಿ ವಿಡಿಯೋ ಪ್ಲೇಯರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಆಟಗಳಿಗೆ, ಸ್ವಂತ ಸಾಮಾನು ಬಳಸುವ ಆಪ್‌ಗಳಿಗೆ ಅಂತ ಲಿಬ್‌ಡೆಕೊರ್ ಎಂಬ ಲೈಬ್ರರಿ ಬಂದಿದೆ. ಆಪ್ ಪರವಾಗಿ ಅದು ಪಟ್ಟಿ ಬರೆದುಕೊಡುತ್ತದೆ.

ತಮಾಷೆ ಏನೆಂದರೆ ಹಳೆಯ ಎಕ್ಸ್ ಆಪ್‌ಗಳಿಗೆ ಗ್ನೋಮ್ ಇವತ್ತಿಗೂ ತಾನೇ ಟೈಟಲ್ ಬಾರ್ ಕಟ್ಟಿಕೊಡುತ್ತದೆ. ಆಗುವುದಿಲ್ಲ ಅಂತಲ್ಲ, ಮಾಡುವುದಿಲ್ಲ ಅಂತ. ಬರೆಯುವುದು ಆಪ್‌ನ ಕೆಲಸ, ಎರಡು ದಾರಿ ಇಟ್ಟರೆ ಎರಡನ್ನೂ ಪರೀಕ್ಷಿಸಬೇಕು, ಅನ್ನುವುದು ಅವರ ವಾದ. ಇಷ್ಟು ದೊಡ್ಡ ಡೆಸ್ಕ್‌ಟಾಪ್ ಆ ಭಾರವನ್ನು ಚಿಕ್ಕ ಚಿಕ್ಕ ಆಪ್ ಬರೆಯುವವರ ತಲೆ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. 2025ರ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಎಕ್ಸ್ ಮೇಲೆ ಲಾಗಿನ್ ಆಗುವ ದಾರಿ ಮೊದಲೇ ಆಫ್ ಆಗಿ ಬಂತು. ಎಕ್ಸ್‌ಎಫ್‌ಸಿಇ 4.20ರಲ್ಲೂ ವೇಲ್ಯಾಂಡ್ ಪ್ರಯೋಗ ಶುರುವಾಗಿದೆ. ಇನ್ನು ಎಕ್ಸ್‌ಗೆ ಹೋಗಿ ಬಚ್ಚಿಟ್ಟುಕೊಳ್ಳೋಣ ಅನ್ನುವ ದಾರಿ ಜಾಸ್ತಿ ದಿನ ಇರುವುದಿಲ್ಲ.

ಎಸ್‌ಎಸ್‌ಡಿ ಪರ ಇರುವವರು ಒಂದು ಮಾತನ್ನು ಪದೇ ಪದೇ ಹೇಳುತ್ತಾರೆ. ಆಪ್ ಹೆಪ್ಪುಗಟ್ಟಿ ನಿಂತರೆ ಅದು ಬರೆದ ಇಂಟು ಮಾರ್ಕ್ ಕೂಡ ಹೆಪ್ಪುಗಟ್ಟುತ್ತದೆ, ಡೆಸ್ಕ್‌ಟಾಪ್ ಬರೆದದ್ದಾದರೆ ಒತ್ತಬಹುದು ಅಂತ. ಇದು ಅರ್ಧ ಸತ್ಯ. ಡೆಸ್ಕ್‌ಟಾಪ್‌ನ ಇಂಟು ಮಾರ್ಕ್ ಒತ್ತಿದರೂ ಹೋಗುವುದು ದಯವಿಟ್ಟು ಮುಚ್ಚಿಕೋ ಎಂಬ ಒಂದು ಸಂದೇಶ ಅಷ್ಟೇ. ಹೆಪ್ಪುಗಟ್ಟಿದ ಆಪ್ ಅದನ್ನೂ ಓದುವುದಿಲ್ಲ. ಕೊನೆಗೆ ಕಾದು ನೋಡಿ, ಬಲವಂತವಾಗಿ ಮುಚ್ಚಲಾ ಎಂದು ಕೇಳುವುದು ಡೆಸ್ಕ್‌ಟಾಪೇ. ಗ್ನೋಮ್ ಕೂಡ ಹಾಗೆ ಕೇಳುತ್ತದೆ. ಆದರೆ ಒಂದು ವ್ಯತ್ಯಾಸ ಉಂಟು. ಎಸ್‌ಎಸ್‌ಡಿಯಲ್ಲಿ ಬಟನ್ ಒತ್ತಿದ್ದು ಕಣ್ಣಿಗೆ ಕಾಣುತ್ತದೆ. ಮನುಷ್ಯನಿಗೆ ಸಮಾಧಾನ.

ಈ ಚರ್ಚೆಗಳಲ್ಲಿ ಕಣ್ಣಿಗೆ ಬೀಳದ ಒಂದು ವಿಷಯ ಕನ್ನಡದ್ದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ. ಎಕ್ಸ್‌ಎಫ್‌ಸಿಇ ಥೀಮ್‌ಗಳಲ್ಲಿ ಟೈಟಲ್ ಬಾರ್‌ನ ಎತ್ತರ ತೀರ್ಮಾನವಾಗುವುದು ಥೀಮ್‌ನೊಳಗಿನ ಚಿತ್ರಗಳ ಅಳತೆಯಿಂದ, ಅಕ್ಷರದ ಅಳತೆಯಿಂದಲ್ಲ. ಥೀಮ್ ಮಾಡುವವರು ಇಂಗ್ಲಿಷ್ ಅಕ್ಷರ ನೋಡಿ ಅಳತೆ ಇಡುತ್ತಾರೆ. ಒಮ್ಮೆ ತೆಳು ಥೀಮ್ ಒಂದನ್ನು ಹಾಕಿ ಫಾಂಟ್ ತುಸು ದೊಡ್ಡದು ಮಾಡಿದೆ. 'ತೋಟದ ಲೆಕ್ಕ' ಎಂಬ ಫೈಲ್ 'ತೋಟದ ಲೆಕ' ಆಯಿತು. ಒತ್ತು ಚೌಕಟ್ಟಿನ ಕೆಳಗೆ ಕತ್ತರಿಸಿಹೋಗಿತ್ತು. ಹೆಡರ್ ಬಾರ್‌ನಲ್ಲಿ ಈ ತೊಂದರೆ ಇಲ್ಲ. ಅದು ಅಕ್ಷರಕ್ಕೆ ತಕ್ಕಂತೆ ತಾನೇ ಎತ್ತರವಾಗುತ್ತದೆ. ಇಲ್ಲಿ ಹೊಸ ಪದ್ಧತಿಗೇ ಅಂಕ.

ಅಡ್ಡಡ್ಡ ನೋಡಿದರೆ ಲೆಕ್ಕ ಉಲ್ಟಾ. ಹೆಡರ್ ಬಾರ್‌ನ ಎರಡೂ ಮೂಲೆಯಲ್ಲಿ ಬಟನ್‌ಗಳು ಕೂರುತ್ತವೆ. ಇಂಗ್ಲಿಷಿನ ಪುಟ್ಟ ಪದದ ಜಾಗದಲ್ಲಿ 'ರದ್ದುಗೊಳಿಸು' ಬಂದರೆ ನಡುವೆ ಹೆಸರಿಗೆ ಎಷ್ಟು ಉಳಿದೀತು? ಮೂರು ಚುಕ್ಕಿ ಉಳಿಯುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ವಾದ ಫೋನಿನದ್ದು. ನಾನಿರುವುದು ಮಡಿಕೇರಿಯಲ್ಲಿ, ಕೇಳುವವರು ಜಿಲ್ಲೆಯ ನಾಲ್ಕೂ ದಿಕ್ಕಿನಲ್ಲಿ. ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ ಎರಡೂ ನಂಬುವ ಹಾಗಿಲ್ಲ. ಅವರ ಪರದೆಯನ್ನು ನನ್ನ ಪರದೆಗೆ ತರುವ ಮಾತು ದೂರ. ಬಾಯಲ್ಲಿ ಹೇಳಬೇಕು. ಕನ್ನಡವೋ, ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ, ಯಾವುದರಲ್ಲಿ ಮಾತಾಡಿದರೂ ಇಂಟು ಮಾರ್ಕ್ ಅಂದರೆ ಎಲ್ಲರಿಗೂ ಗೊತ್ತು. "ಮೇಲೆ ಬಲಗಡೆ ಮೂಲೆ" ಅಂದರೆ ಸಾಕು. ಎಲ್ಲ ವಿಂಡೋದಲ್ಲೂ ಅದು ಅಲ್ಲೇ ಇದ್ದರೆ ನನ್ನ ಕೆಲಸ ಹತ್ತು ಸೆಕೆಂಡಿನದ್ದು. ಗ್ನೋಮ್‌ನಲ್ಲಿ ಬ್ರೌಸರ್‌ನಿಂದ ಫೈಲ್ ಉಳಿಸಲು ಹೋದಾಗ ಬರುವ ಡಬ್ಬಿಯಲ್ಲಿ ಇಂಟು ಮಾರ್ಕೇ ಇಲ್ಲದೆ, ಉಳಿಸುವ ಬಟನ್ ಮೇಲೆ ಬಲಮೂಲೆಯಲ್ಲಿ, ಅಂದರೆ ಇಂಟು ಮಾರ್ಕ್ ಇರಬೇಕಾದ ಜಾಗದಲ್ಲೇ ಕೂತಿದ್ದರೆ? ರೈಟರ್ ಕೆಳಗೆ ಹುಡುಕಿ ಹುಡುಕಿ ಸುಸ್ತಾಗಿ, ಬೇಡ ಅಂತ ಮೇಲೆ ಒತ್ತಿದರು. ಬೇಡದ ಫೈಲ್ ಸೇವ್ ಆಯಿತು.

ಹಾಗಂತ ಹೆಡರ್ ಬಾರ್ ಬೇಡವೇ ಬೇಡ ಅನ್ನುವವನಲ್ಲ ನಾನು. ಬ್ರೌಸರ್, ಫೈಲ್ ಮ್ಯಾನೇಜರ್ ಥರ ಆ ಜಾಗದಲ್ಲಿ ಮಾಡಲು ಕೆಲಸ ಇರುವ ಆಪ್ ಅದನ್ನು ಬಳಸಿಕೊಳ್ಳಲಿ. ಆದರೆ ಡೆಸ್ಕ್‌ಟಾಪ್ ನಾನೇ ಬರೀತೀನಿ ಅಂದರೆ ಆಪ್ ಬಿಟ್ಟುಕೊಡಬೇಕು. ಆಪ್ ನೀನೇ ಬರಿ ಅಂದರೆ ಡೆಸ್ಕ್‌ಟಾಪ್ ಬರೆಯಬೇಕು. 2018ರ ನಿಯಮ ಬಂದದ್ದೇ ಇಂಥ ಮಾತುಕತೆಗೆ.

ರೈಟರ್ ಕಂಪ್ಯೂಟರ್‌ಗೆ ಮರುದಿನ ಭಾನುವಾರವೇ ಹೋಗಿ ಎಕ್ಸ್‌ಎಫ್‌ಸಿಇ ಹಾಕಿದೆ. ಮೈನಸ್ ಬಂತು, ಚೌಕ ಬಂತು. ಎತ್ತರದ ಥೀಮ್ ಆರಿಸಿ, ಟೈಟಲ್‌ಗೆ ಗುಬ್ಬಿ ಎಂಬ ಕನ್ನಡ ಫಾಂಟ್ ಹಾಕಿದೆ. ಲೆಕ್ಕದ ಒತ್ತೂ ಉಳಿಯಿತು. ಚಕ್ರ ತಿರುಗಿಸಿ ವಿಂಡೋ ಸುತ್ತುವುದನ್ನು ತೋರಿಸಿದ್ದು ಮಾತ್ರ ಎಡವಟ್ಟಾಯಿತು. ಅವರಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಈಗ ಯಾವುದನ್ನೂ ಕೆಳಗಿಳಿಸುವುದೇ ಇಲ್ಲ, ಎಲ್ಲ ಸುತ್ತಿಡುತ್ತಾರೆ. ಮುಂದಿನ ಶನಿವಾರ ಮತ್ತೆ ಫೋನ್ ಬಂತು.

"ಈ ಪಿಡಿಎಫ್ ತೆರೆಯುವುದು ಒಂದು ಸುತ್ತಿಕೊಳ್ತಾ ಇಲ್ಲ ಮಾರಾಯ."

ಅದು ಗ್ನೋಮ್‌ನ ಎವಿನ್ಸ್. ಹೆಡರ್ ಬಾರ್ ಇರುವಂಥದ್ದು. ಅದರದ್ದೇ ಕವಲಾದ ಆಟ್ರಿಲ್‌ಗೆ ಮಾಮೂಲಿ ಟೈಟಲ್ ಬಾರ್ ಇದೆ. "ಬೇರೆ ಹಾಕಿಕೊಡ್ತೇನೆ ರೈಟ್ರೇ, ಭಾನುವಾರ ಬರ್ತೇನೆ" ಅಂದೆ.